ಪಾದ್ರಿಯ ಕಳ್ಳ ರುಜು, ಕಣಿವೆಯ ಬ್ಯಾಂಕು

ಇಬ್ಬರು ಹಾಕಬೇಕಾಗಿದ್ದ ರುಜುವನ್ನು ಮೂರನೆಯವರೊಬ್ಬರು ತಾವೇ ಹಾಕಿ ಹುಟ್ಟಿಸಿದ ಬ್ಯಾಂಕು ಅದು. ಅರುವತ್ತು ವರ್ಷ ದಾಟಿದೆ, ಇನ್ನೂ ನಡೆಯುತ್ತಿದೆ. ನಮ್ಮ ಸಹಕಾರ ಇಲಾಖೆಯ ಲೆಕ್ಕಪರಿಶೋಧಕರು ಕೇಳಿದರೆ ಹೌಹಾರಿಯಾರು. ರುಜು ಹಾಕಿದವರು ಮೋಸಗಾರರೇನಲ್ಲ, ಊರಿನ ಇಗರ್ಜಿಯ ಪಾದ್ರಿ. ಊರು ಸ್ಪೇನಿನ ಉತ್ತರಕ್ಕೆ ಬಾಸ್ಕ್ ಜನರ ಸೀಮೆಯಲ್ಲಿರುವ ಮೊಂಡ್ರಾಗನ್. ವರ್ಷ 1959. ಬ್ಯಾಂಕಿನ ಮಾತೆತ್ತಿದಾಗ ಬೇಡವೇ ಬೇಡ ಅಂದವರು ಅವರದೇ ಶಿಷ್ಯರು. ಮೊನ್ನೆಯವರೆಗೆ ಯಂತ್ರದ ಮುಂದೆ ಕೈ ಮಸಿ ಮಾಡಿಕೊಂಡಿದ್ದವರು ನಾವು, ಈಗಷ್ಟೇ ಒಂದು ಕಾರ್ಖಾನೆ ನಡೆಸುವುದನ್ನು ಕಲಿಯುತ್ತಿದ್ದೇವೆ, ಇದರ ಮೇಲೆ ಬ್ಯಾಂಕು ಬೇರೆ ನಡೆಸುವುದು ನಮ್ಮಿಂದಾಗದು ಎಂಬುದು ಅವರ ತಕರಾರು. ಗುರುಗಳು ಕೇಳಿಸಿಕೊಂಡರು. ಆಮೇಲೆ ಸ್ಥಾಪಕ ಸಭೆ ನಡೆದಂತೆ ನಡವಳಿ ಬರೆದು, ಇಬ್ಬರ ರುಜುವನ್ನು ತಾವೇ ಗೀಚಿ ಕಾಗದಪತ್ರವನ್ನು ಸರ್ಕಾರಕ್ಕೆ ಕಳಿಸಿಬಿಟ್ಟರು. ಬೇಡ ಎಂದಿದ್ದ ಗೊರೊನ್ಯೊಗೊಯ್ತಿಯಾ, ಒರ್ಮಾಎಚೆಯಾ ಇಬ್ಬರೇ ಮುಂದೆ ಆ ಬ್ಯಾಂಕಿನ ಚುಕ್ಕಾಣಿ ಹಿಡಿದರು.

ಮೊಂಡ್ರಾಗನ್ ಎಂದರೆ ಇಂದು ಜಗತ್ತಿಗೆ ನೆನಪಾಗುವುದು ದುಡಿಯುವವರೇ ಒಡೆಯರಾದ ಕಾರ್ಖಾನೆಗಳು. ಸುಮಾರು 70 ಸಾವಿರ ಮಂದಿ ದುಡಿಯುವ, 80ರ ಆಸುಪಾಸು ಸಹಕಾರ ಸಂಘಗಳ ಕೂಟ ಅದು. ಆದರೆ ದುಡಿಯುವವರೇ ಒಡೆಯರಾಗುವುದು ಅವರು ಕಂಡುಹಿಡಿದದ್ದಲ್ಲ. ಹತ್ತೊಂಬತ್ತನೇ ಶತಮಾನದಲ್ಲೇ ಇಂಗ್ಲೆಂಡ್, ಫ್ರಾನ್ಸ್‌ಗಳಲ್ಲಿ ಅಂಥ ಕಾರ್ಖಾನೆಗಳು ಸಾಲುಸಾಲಾಗಿ ಹುಟ್ಟಿದ್ದವು, ಸಾಲುಸಾಲಾಗಿ ಸತ್ತಿದ್ದವು. ಕೆಲವು ಬಂಡವಾಳವಿಲ್ಲದೆ ಸೊರಗಿದವು. ಚೆನ್ನಾಗಿ ನಡೆದವುಗಳ ಪಾಡು ಇನ್ನೂ ವಿಚಿತ್ರ: ಲಾಭ ಕಂಡೊಡನೆ ಹೊರಗಿನವರು ಷೇರು ಕೊಂಡರು, ಒಳಗಿನವರು ಮಾರಿದರು, ಸಹಕಾರ ಸಂಘ ಎಲ್ಲದರಂತೆ ಒಂದು ಕಂಪನಿಯಾಯಿತು. ಸಹಕಾರಕ್ಕೆ ತವರೂರೆನಿಸಿದ ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲೇ 1854ರಲ್ಲಿ ಶುರುವಾದ ಗಿರಣಿ 1862ರ ಹೊತ್ತಿಗೆ ಹೀಗೆ ಕೈಬಿಟ್ಟು ಹೋಯಿತು. ಬಡತನದಿಂದ ಬರುವ ಸಾವು ಒಂದು, ಸಿರಿತನದಿಂದ ಬರುವ ಸಾವು ಇನ್ನೊಂದು. ಮೊಂಡ್ರಾಗನ್ನಿನವರು ಕಂಡುಕೊಂಡದ್ದು ಈ ಎರಡಕ್ಕೂ ಮದ್ದು. ಹೇಗೆ ಕಂಡುಕೊಂಡರು ಎಂಬುದು ಕೇಳುವಂಥ ಕತೆ, ಯಾಕೆಂದರೆ ಅದರಲ್ಲಿ ಯಾರಿಗೂ ಒಂದೇ ದಿನ ಏನೂ ಹೊಳೆಯಲಿಲ್ಲ.

ಪಾದ್ರಿಯ ಪೂರ್ತಿ ಹೆಸರು ಹೊಸೆ ಮರಿಯಾ ಅರಿಸ್ಮೆಂದಿಯರಿಯೆತಾ. ನಮ್ಮ ನಾಲಗೆಗೆ ಉದ್ದವಾಯಿತು, ಊರಿನವರು ಕರೆಯುತ್ತಿದ್ದಂತೆ ದೊನ್ ಹೊಸೆ ಮರಿಯಾ ಎಂದೇ ಕರೆಯೋಣ. 1915ರಲ್ಲಿ ರೈತರ ಮನೆಯಲ್ಲಿ ಹುಟ್ಟಿದವರು. ಎಳೆತನದಲ್ಲೇ ಅಪಘಾತದಲ್ಲಿ ಎಡಗಣ್ಣು ಹೋಯಿತು. 1936ರಲ್ಲಿ ಸ್ಪೇನಿನ ಅಂತರ್ಯುದ್ಧ ಶುರುವಾದ ಮೇಲೆ ಬಾಸ್ಕ್ ಭಾಷೆಯ ಪತ್ರಿಕೆಯಲ್ಲಿ ಬರೆಯುತ್ತಿದ್ದರು. ಮುಂದೆ ಸರ್ವಾಧಿಕಾರಿಯಾದ ಫ್ರಾಂಕೊನ ಪಡೆಗಳ ಕೈಗೆ ಸಿಕ್ಕು ಜೈಲು ಸೇರಿ, ಗುಂಡೇಟಿನಿಂದ ಕೂದಲೆಳೆಯಲ್ಲಿ ಪಾರಾದರು. ಪಾದ್ರಿ ದೀಕ್ಷೆಯಾದ ಮೇಲೆ ಬೆಲ್ಜಿಯಮ್ಮಿಗೆ ಹೋಗಿ ಸಮಾಜಶಾಸ್ತ್ರ ಓದುವ ಆಸೆಯಿತ್ತು. ಬಿಷಪ್ ಒಪ್ಪದೆ ಮೊಂಡ್ರಾಗನ್ನಿಗೆ ಕಳಿಸಿದರು. 1941ರ ಫೆಬ್ರವರಿಯಲ್ಲಿ ಬಂದಾಗ ಅವರಿಗೆ 25 ವರ್ಷ. ಪೀಠದ ಮೇಲೆ ನಿಂತು ಉಪದೇಶ ಮಾಡಿದರೆ ಜನಕ್ಕೆ ಅರ್ಥವಾಗುತ್ತಿರಲಿಲ್ಲ, ಒಂದೇ ರಾಗ, ತಿರುಚು ಮುರುಚು ವಾಕ್ಯ. ಬೇರೆ ಪಾದ್ರಿ ಕೊಡಿ ಎಂದು ಊರಿನವರು ಕೇಳಿಕೊಂಡದ್ದೂ ಉಂಟಂತೆ.

ಊರು ಸೋತ ಊರು. ಯುದ್ಧದಲ್ಲಿ ಬಾಸ್ಕರು ಸೋತ ಪಕ್ಷದಲ್ಲಿದ್ದರು, ಫ್ರಾಂಕೊ ಅವರ ಭಾಷೆಯನ್ನೂ ಅದುಮಿಟ್ಟಿದ್ದ. ಕಣಿವೆಯಲ್ಲಿ ಕಬ್ಬಿಣದ ಕೆಲಸ ಶತಮಾನಗಳಷ್ಟು ಹಳೆಯದು, ಆದರೆ ಈಗ ಅನ್ನ ಕೊಡುವ ದೊಡ್ಡ ಮನೆ ಒಂದೇ: ಉನಿಯೋನ್ ಸೆರ್ರಹೇರಾ ಎಂಬ ಬೀಗದ ಕಾರ್ಖಾನೆ. ಅದಕ್ಕೊಂದು ಕುಶಲಕರ್ಮಿಗಳ ಶಾಲೆ ಇತ್ತು, ಅಲ್ಲಿ ನೌಕರರ ಮಕ್ಕಳಿಗೆ ಮೊದಲ ಹಕ್ಕು. ಊರಿನ ಮಿಕ್ಕ ಮಕ್ಕಳನ್ನೂ ಸೇರಿಸಿಕೊಳ್ಳಿ ಎಂದು ಪಾದ್ರಿ ಕೇಳಿದರು. ಕಂಪನಿ ಆಗುವುದಿಲ್ಲ ಎಂದಿತು. ಈ ಕತೆಯಲ್ಲಿ ಬರುವ ಪ್ರತಿ ಹೊಸ ವಿಚಾರದ ಹಿಂದೆ ಇಂಥದೊಂದು 'ಆಗುವುದಿಲ್ಲ' ಇದೆ.

ಸರಿ, ಊರೇ ಶಾಲೆ ಕಟ್ಟಲಿ ಎಂದರು. 1943ರಲ್ಲಿ ಬೀದಿಯ ಮೂಲೆಮೂಲೆಗೆ ಪೆಟ್ಟಿಗೆ ಇರಿಸಿದರು. ಹಣವೋ ದುಡಿಮೆಯೋ, ನೀವೇನು ಕೊಡಬಲ್ಲಿರಿ ಎಂದು ಚೀಟಿ ಬರೆದು ಹಾಕಿ ಅಂದರು. ಮತಪೆಟ್ಟಿಗೆ ಎಂಬುದನ್ನೇ ಜನ ಮರೆಯಬೇಕಾಗಿದ್ದ ಸರ್ವಾಧಿಕಾರದ ಕಾಲ ಅದು. 600ರಷ್ಟು ಚೀಟಿ ಬಿದ್ದವು. ಆ ವರ್ಷದ ಅಕ್ಟೋಬರಿನಲ್ಲಿ 20 ಹುಡುಗರೊಂದಿಗೆ ಶಾಲೆ ಶುರುವಾಯಿತು. ಲೇತ್, ಫಿಟ್ಟಿಂಗ್, ಎರಕದ ಕೆಲಸದ ಜೊತೆಗೆ ಪಾದ್ರಿ ಅವರಿಗೆ ದುಡಿಮೆಯ ಘನತೆಯ ಬಗ್ಗೆ, ಬಂಡವಾಳದ ಬಗ್ಗೆ ಪಾಠ ಹೇಳುತ್ತಿದ್ದರು. ಪೀಠದ ಮೇಲೆ ಸೋತ ನಾಲಗೆ ತರಗತಿಯಲ್ಲಿ ಗೆದ್ದಿತು. ಮೊದಲ ತಂಡಗಳಿಂದ 11 ಹುಡುಗರು ಹಗಲು ಕೆಲಸ ಮಾಡುತ್ತ, ರಾತ್ರಿ ಓದುತ್ತ, ದೂರದ ಸರಗೋಸಾ ವಿಶ್ವವಿದ್ಯಾಲಯದ ಪರೀಕ್ಷೆ ಬರೆದು ತಾಂತ್ರಿಕ ಪದವಿ ಪಡೆದರು.

ಪದವಿ ಪಡೆದವರು ಹೋದದ್ದು ಅದೇ ಬೀಗದ ಕಾರ್ಖಾನೆಗೆ. ಕಂಪನಿ ಹೊಸ ಷೇರು ಹೊರಡಿಸುವಾಗ ಕಾರ್ಮಿಕರಿಗೂ ಒಂದಿಷ್ಟು ಕೊಡಿ ಎಂದು ಕೇಳಿದರು. ಅದೂ ಆಗುವುದಿಲ್ಲ. ಒಳಗಿದ್ದುಕೊಂಡು ತಿದ್ದುವ ಆಸೆ ಅಲ್ಲಿಗೆ ಮುಗಿಯಿತು. ಐವರು ರಾಜೀನಾಮೆ ಕೊಟ್ಟು ಹೊರಬಂದರು: ಉಸತೋರೆ, ಲಾರಾನ್ಯಗಾ, ಗೊರೊನ್ಯೊಗೊಯ್ತಿಯಾ, ಒರ್ಮಾಎಚೆಯಾ, ಓರ್ತುಬಾಯ್. ಹೆಸರುಗಳ ಮೊದಲಕ್ಷರ ಜೋಡಿಸಿ ತಮ್ಮ ಕಾರ್ಖಾನೆಗೆ ಉಲ್ಗೋರ್ ಎಂದು ಹೆಸರಿಟ್ಟರು.

ಅಂದಿನ ಸ್ಪೇನಿನಲ್ಲಿ ಕಾರ್ಖಾನೆ ತೆರೆಯಲು ಲೈಸೆನ್ಸ್ ಸಿಗುವುದು ನಮ್ಮ ಪರ್ಮಿಟ್ ಕಾಲಕ್ಕಿಂತ ಸುಲಭವಾಗಿರಲಿಲ್ಲ. ಅದಕ್ಕೂ ದಾರಿ ಹುಡುಕಿದರು. ಪಕ್ಕದ ವಿತೋರಿಯಾ ನಗರದಲ್ಲಿ ದಿವಾಳಿಯೆದ್ದ ಸಣ್ಣ ಕಂಪನಿಯೊಂದಿತ್ತು, ಅದರ ಬಳಿ ಮನೆಬಳಕೆಯ ಉಪಕರಣ ತಯಾರಿಸುವ ಲೈಸೆನ್ಸ್ ಇತ್ತು. 1955ರಲ್ಲಿ ಆ ಕಂಪನಿಯನ್ನೇ ಕೊಂಡರು. ದುಡ್ಡು ಬಂದದ್ದು ಊರಿನ ನೂರರಷ್ಟು ಜನರಿಂದ, ಸಂಜೆ ದ್ರಾಕ್ಷಾರಸದ ಅಂಗಡಿಗಳಲ್ಲಿ ಕೂತು ಮಾತಾಡಿ ಎತ್ತಿದ್ದು. ಏನು ತಯಾರಿಸುತ್ತೀರಿ, ಲಾಭ ಹೇಗೆ ಹಂಚುತ್ತೀರಿ ಎಂದು ಕೇಳಿದ್ದರೆ ಆ ಐವರಿಗೆ ಸರಿಯಾದ ಉತ್ತರ ಗೊತ್ತಿರಲಿಲ್ಲ. ಜನ ಕೊಟ್ಟದ್ದು ಹುಡುಗರ ಮುಖ ನೋಡಿ, ಪಾದ್ರಿಯ ಮೇಲಿನ ನಂಬಿಕೆಗೆ. 1956ರಲ್ಲಿ ಮೊಂಡ್ರಾಗನ್ನಿನಲ್ಲೇ ಶಂಕುಸ್ಥಾಪನೆಯಾಯಿತು. ಮೊದಲ ಮಾಲು ಚಳಿ ಕಾಯಿಸಿಕೊಳ್ಳುವ ಸೀಮೆಎಣ್ಣೆ ಹೀಟರ್, ಇಂಗ್ಲೆಂಡಿನ ಅಲಾಡಿನ್ ಹೀಟರನ್ನು ಬಿಚ್ಚಿ ನೋಡಿ ಮಾಡಿದ ನಕಲು. ದೊಡ್ಡ ಆವಿಷ್ಕಾರದ ಊರು ಎನಿಸಿಕೊಂಡಲ್ಲಿ ಮೊದಲು ತಯಾರಾದ ಸಾಮಾನೇ ಕಾಪಿ.

ನಿಜವಾದ ಹೊಸತನ ಇದ್ದದ್ದು ಲೆಕ್ಕದ ಪುಸ್ತಕದಲ್ಲಿ. ಕಾರ್ಖಾನೆ ಓಡತೊಡಗಿ ಎರಡು ಮೂರು ವರ್ಷವಾದರೂ ಅದರ ಕಾನೂನಿನ ರೂಪ ಏನೆಂದು ಇತ್ಯರ್ಥವಾಗಿರಲಿಲ್ಲ. ಸ್ಪೇನಿನ ಸಹಕಾರ ಕಾಯ್ದೆಯೊಳಗೆ ಇದನ್ನು ಹೇಗೆ ಕೂರಿಸುವುದೆಂದು ಪಾದ್ರಿ ಕಾನೂನು ಬಲ್ಲವರ ಬೆನ್ನು ಬಿದ್ದರು. 1959ರಲ್ಲಿ ಒಪ್ಪಿಗೆ ಪಡೆದ ನಿಯಮಾವಳಿಯ ಹೂರಣ ಇಷ್ಟು.

ಸೇರುವ ಪ್ರತಿಯೊಬ್ಬನೂ ಬಂಡವಾಳದ ಪಾಲು ಕಟ್ಟಬೇಕು. ಕೈಯಲ್ಲಿ ಇಲ್ಲದವರು ತಿಂಗಳ ಗಳಿಕೆಯಲ್ಲಿ ಕಂತು ಮುರಿಸಿಕೊಳ್ಳಬಹುದು. ಆ ಪಾಲು ಅವನ ಹೆಸರಿನ ಖಾತೆಯಲ್ಲಿ ಕೂರುತ್ತದೆ. ತಿಂಗಳಿಗೆ ಸಿಗುವುದು ಸಂಬಳವಲ್ಲ, ವರ್ಷದ ಗಳಿಕೆಯ ಮೇಲೆ ಕೊಟ್ಟ ಮುಂಗಡ. ವರ್ಷದ ಕೊನೆಗೆ ಲಾಭ ಬಂದರೆ ಒಂದು ಪಾಲು ಯಾರ ಹೆಸರಿಗೂ ಸೇರದ ಮೀಸಲು ನಿಧಿಗೆ, ಹತ್ತರಲ್ಲೊಂದು ಪಾಲು ಶಾಲೆಯಂಥ ಊರ ಕೆಲಸಕ್ಕೆ, ಉಳಿದದ್ದು ಸದಸ್ಯರ ಖಾತೆಗೆ. ಹಂಚುವುದು ಅವರು ಹಾಕಿದ ಬಂಡವಾಳ ನೋಡಿ ಅಲ್ಲ, ಮಾಡಿದ ಕೆಲಸ ನೋಡಿ. ನಷ್ಟವಾದರೆ ಅದೇ ಖಾತೆಯಿಂದ ಕಳೆಯುತ್ತಾರೆ. ಖಾತೆಗೆ ಬಂದ ಹಣವನ್ನು ಮನೆಗೆ ಒಯ್ಯುವಂತಿಲ್ಲ. ಬಡ್ಡಿ ಕೈಗೆ ಸಿಗುತ್ತದೆ, ಅಸಲು ನಿವೃತ್ತಿಯಾದಾಗ ಅಥವಾ ಬಿಟ್ಟು ಹೋಗುವಾಗ. ಹೊರಗಿನವರಿಗೆ ಮಾರಲು ಷೇರೇ ಇಲ್ಲ. ಮಹಾಸಭೆಯಲ್ಲಿ ಕಸ ಗುಡಿಸುವವನಿಗೂ ಮುಖ್ಯ ಎಂಜಿನಿಯರಿಗೂ ಒಂದೊಂದೇ ಮತ. ಕೆಳಗಿನವನ ಗಳಿಕೆ ಒಂದಾದರೆ ಮೇಲಿನವನದು ಮೂರನ್ನು ಮೀರಬಾರದು ಎಂಬುದು ಆಗಿನ ಕಟ್ಟಳೆ. ಈ ಅಂತರ ವರ್ಷಗಳು ಕಳೆದಂತೆ ಹಿಗ್ಗಿ ಆರರ ತನಕ ಹೋದದ್ದೂ ಉಂಟು.

ಓದಲು ಬೇಸರ ತರಿಸುವ ನಿಯಮಗಳು, ಒಪ್ಪುತ್ತೇನೆ. ಆದರೆ ಹಳೆಯ ಎರಡು ಸಾವುಗಳನ್ನು ಇದರ ಮುಂದಿಟ್ಟು ನೋಡಿ. ಲಾಭ ಕಾರ್ಖಾನೆಯ ಒಳಗೇ ಉಳಿದು ಬಂಡವಾಳವಾಗುತ್ತದೆ, ಆದ್ದರಿಂದ ಸೊರಗುವುದಿಲ್ಲ. ಷೇರು ಮಾರುವಂತಿಲ್ಲ, ಆದ್ದರಿಂದ ಸಿರಿ ಬಂದಾಗ ಕೈಬಿಟ್ಟು ಹೋಗುವುದಿಲ್ಲ. ಆದರೂ ದುಡಿದವನ ಪಾಲು ಎಲ್ಲರದೂ ಆಗಿ ಯಾರದೂ ಅಲ್ಲದೆ ಕರಗಿ ಹೋಗುವುದಿಲ್ಲ, ಅವನ ಹೆಸರಿನಲ್ಲೇ ಬೆಳೆಯುತ್ತದೆ. ಸ್ವಾರ್ಥವನ್ನು ಬೈಯದೆ ಅದಕ್ಕೊಂದು ಖಾತೆ ತೆರೆದುಕೊಟ್ಟದ್ದೇ ಆ ಪಾದ್ರಿಯ ಜಾಣತನ ಎಂದು ನನ್ನ ಎಣಿಕೆ.

ಇನ್ನು ಬ್ಯಾಂಕು. ಉಲ್ಗೋರ್ ಬೆಳೆಯುತ್ತಿತ್ತು, ಪಕ್ಕದಲ್ಲಿ ಇನ್ನೆರಡು ಮೂರು ಸಂಘಗಳು ತಲೆಯೆತ್ತಿದ್ದವು. ಸದಸ್ಯರ ಖಾತೆಯಲ್ಲಿದ್ದ ಹಣ ಹೊಸ ಯಂತ್ರಕ್ಕೆ ಸಾಲದು. ಊರಿನ ಜನ ಕೂಡಿಟ್ಟ ಹಣವೇನೋ ಇತ್ತು, ಆದರೆ ಅದು ಬೇರೆ ಬ್ಯಾಂಕುಗಳ ಮೂಲಕ ಬೇರೆ ಊರುಗಳ ಉದ್ಯಮಕ್ಕೆ ಹರಿದು ಹೋಗುತ್ತಿತ್ತು. ಕೆರೆ ಊರಿನದು, ತೂಬಿನ ಬೀಗದ ಕೈ ಮಾತ್ರ ಇನ್ನೆಲ್ಲೋ. ಸ್ಪೇನಿನ ಸಹಕಾರ ಕಾನೂನನ್ನು ಓದುತ್ತ ಕೂತಿದ್ದ ಪಾದ್ರಿಗೆ ಒಂದು ಸಂದು ಕಣ್ಣಿಗೆ ಬಿತ್ತು. ಸಹಕಾರಿ ಸಾಲ ಸಂಘವೊಂದು ಉಳಿತಾಯಕ್ಕೆ ಮಿಕ್ಕ ಬ್ಯಾಂಕುಗಳಿಗಿಂತ ಅರ್ಧ ಶೇಕಡಾ ಹೆಚ್ಚು ಬಡ್ಡಿ ಕೊಡಬಹುದಾಗಿತ್ತು. ಅಷ್ಟು ಸಾಕಾಯಿತು. ಕಾಹಾ ಲಬೊರಾಲ್ ಎಂಬ ಆ ಬ್ಯಾಂಕು ಹುಟ್ಟಿದ ಬಗೆ ಮೊದಲೇ ಹೇಳಿದೆ. ಜನರ ಮುಂದೆ ಅದು ಇಟ್ಟ ಘೋಷಣೆ ಖಡಕ್ಕಾಗಿತ್ತು: ಪಾಸ್‌ಬುಕ್ಕೋ, ಸೂಟ್‌ಕೇಸೋ. ಇಲ್ಲಿ ಉಳಿತಾಯ ಮಾಡಿ, ಇಲ್ಲವಾದರೆ ಮಕ್ಕಳು ಕೆಲಸ ಹುಡುಕಿಕೊಂಡು ಪೆಟ್ಟಿಗೆ ಹೊತ್ತು ಊರು ಬಿಡುತ್ತಾರೆ ಎಂದರ್ಥ. ಮಲೆನಾಡಿನಲ್ಲೋ ಉತ್ತರ ಕರ್ನಾಟಕದಲ್ಲೋ ಈ ಮಾತು ಹೇಳಿದರೆ ಯಾರೂ ವಿವರಣೆ ಕೇಳಲಾರರು.

ಉಡುಪಿಯವರು ಇಲ್ಲೊಂದು ಮಾತು ಸೇರಿಸಿಯಾರು. 1925ರಲ್ಲಿ ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಕೈಮಗ್ಗದ ನೇಕಾರರಿಗೆ ನೆರವಾಗಲೆಂದು ಕಟ್ಟಿದ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೆ ಬಂದು ಒಯ್ಯುವ ಉಳಿತಾಯ. ಮೊಂಡ್ರಾಗನ್ನಿಗಿಂತ ಮೂರು ದಶಕ ಮೊದಲೇ ನಾವು ಊರಿನ ಚಿಲ್ಲರೆಯನ್ನು ಕೂಡಿಸಲು ಕಲಿತಿದ್ದೆವು. ಸಿಂಡಿಕೇಟ್ ಬ್ಯಾಂಕು ಎಂದು ಬೆಳೆದ ಅದು 1969ರಲ್ಲಿ ರಾಷ್ಟ್ರೀಕರಣವಾಗಿ, 2020ರಲ್ಲಿ ಕೆನರಾ ಬ್ಯಾಂಕಿನೊಳಗೆ ಸೇರಿತು.

ಕಾಹಾ ಲಬೊರಾಲ್ ಬರೀ ಸಾಲ ಕೊಡುವ ಕಟ್ಟೆಯಾಗಿದ್ದರೆ ಈ ಕತೆ ಇಷ್ಟು ದೂರ ಬರುತ್ತಿರಲಿಲ್ಲ. ಅದರ ಆಡಳಿತ ಮಂಡಳಿಯಲ್ಲಿ ಕಾರ್ಖಾನೆ ಸಂಘಗಳ ಪ್ರತಿನಿಧಿಗಳೇ ಹೆಚ್ಚಾಗಿ ಕೂತರು. ಬ್ಯಾಂಕಿನ ನೌಕರರಿಗೆ ಸಿಗುವ ಲಾಭದ ಪಾಲನ್ನು ಬ್ಯಾಂಕಿನ ಲಾಭಕ್ಕಲ್ಲ, ಆ ಸಂಘಗಳ ಗಳಿಕೆಗೆ ಗಂಟುಹಾಕಿದರು. ಸಾಲಗಾರ ಸೋತರೆ ಬ್ಯಾಂಕಿನವನ ಜೇಬಿಗೂ ಕತ್ತರಿ! ಬ್ಯಾಂಕಿನೊಳಗೆ ಹೊಸ ಉದ್ಯಮ ಹುಟ್ಟಿಸುವುದಕ್ಕೇ ಒಂದು ವಿಭಾಗವಿತ್ತು. ನಾಲ್ಕಾರು ಗೆಳೆಯರು ಸೇರಿ ಒಬ್ಬ ಮ್ಯಾನೇಜರನ್ನು ಗೊತ್ತುಮಾಡಿಕೊಂಡು ಬಂದರೆ, ಅವರಿಗೊಬ್ಬ ಅನುಭವಸ್ಥನನ್ನು ಜೊತೆ ಮಾಡಿ, ಯಾವ ಮಾಲು, ಯಾವ ಮಾರುಕಟ್ಟೆ, ಎಷ್ಟು ಯಂತ್ರ ಎಂದು ಒಂದೂವರೆ ಎರಡು ವರ್ಷ ಲೆಕ್ಕ ಹಾಕಿಸಿ, ಆಮೇಲೆ ಹಣ. ಮೊದಲ ವರ್ಷಗಳು ನಷ್ಟದವೇ ಎಂದು ಗೊತ್ತಿದ್ದೇ ಕೊಡುತ್ತಿದ್ದರು. ಸಂಘ ತೊಂದರೆಗೆ ಸಿಕ್ಕರೆ ಬೇರೆ ಬ್ಯಾಂಕು ಬಡ್ಡಿ ಏರಿಸುವ ಹೊತ್ತಿನಲ್ಲಿ ಇವರು ಇಳಿಸುತ್ತಿದ್ದರು, ತೀರಾ ಕಷ್ಟಕ್ಕೆ ಬಂದಾಗ ಬಡ್ಡಿಯನ್ನೇ ಬಿಟ್ಟುಬಿಡುತ್ತಿದ್ದರು. ಸ್ಪೇನಿನ ಬ್ಯಾಂಕ್ ನಿಯಮಗಳು ಬಿಗಿಯಾದ ಮೇಲೆ ಈ ವಿಭಾಗ ಬ್ಯಾಂಕಿನಿಂದ ಹೊರಬಂತು. ಅಷ್ಟರಲ್ಲಿ ಕಣಿವೆ ತುಂಬ ಕಾರ್ಖಾನೆಗಳಾಗಿದ್ದವು.

ವಿಮೆಯೂ ಹೀಗೇ ಒಂದು 'ಆಗುವುದಿಲ್ಲ'ದಿಂದ ಹುಟ್ಟಿದ್ದು. ನೀವು ಕಾರ್ಮಿಕರಲ್ಲ, ನಿಮಗೆ ನೀವೇ ಮಾಲೀಕರು ಎಂದು ಸರ್ಕಾರ ಸಹಕಾರಿ ಸದಸ್ಯರನ್ನು ಸಾಮಾಜಿಕ ಭದ್ರತೆಯ ಪಟ್ಟಿಯಿಂದ ಕೈಬಿಟ್ಟಿತು. ಆಸ್ಪತ್ರೆ ಖರ್ಚು, ಪಿಂಚಣಿ, ನಿರುದ್ಯೋಗ ಭತ್ಯೆ ಎಲ್ಲವನ್ನೂ ತಾವೇ ನೋಡಿಕೊಳ್ಳಲು ಲಾಗುನ್ ಆರೊ ಎಂಬ ಸಂಸ್ಥೆ ಕಟ್ಟಿಕೊಂಡರು. 1966ರಲ್ಲಿ ವಿದ್ಯಾರ್ಥಿಗಳು ಅರ್ಧ ದಿನ ದುಡಿದು ಅರ್ಧ ದಿನ ಓದುವ ಅಲೆಕೋಪ್ ಬಂತು. 1969ರಲ್ಲಿ ಬಳಕೆದಾರರ ಪುಟ್ಟ ಪುಟ್ಟ ಸಂಘಗಳು ಕೂಡಿ ಎರೋಸ್ಕಿ ಅಂಗಡಿಗಳಾದವು. ಅದೇ ವರ್ಷ ಹೆಂಗಸರ ಸಂಘ ಔಸೊ ಲಾಗುನ್: ಮದುವೆಯಾದವಳು ಕೆಲಸ ಬಿಡಬೇಕು ಎಂಬ ಅಂದಿನ ರೂಢಿಗೆ ಸಹಕಾರಿಗಳೂ ಹೊರತಾಗಿರಲಿಲ್ಲ ಎಂಬುದನ್ನು ಇಲ್ಲಿ ಮುಚ್ಚಿಡಬೇಕಾಗಿಲ್ಲ. 1974ರಲ್ಲಿ ಇಕೆರ್ಲಾನ್ ಎಂಬ ಸಂಶೋಧನಾ ಕೇಂದ್ರ, 1997ರಲ್ಲಿ ವಿಶ್ವವಿದ್ಯಾಲಯ.

ಎಲ್ಲವೂ ಹಾಲುಜೇನಾಗಿರಲಿಲ್ಲ. 1974ರಲ್ಲಿ ಉಲ್ಗೋರಿನಲ್ಲಿ ಮುಷ್ಕರ ಆಯಿತು. ಯಾವ ಕೆಲಸಕ್ಕೆ ಯಾವ ದರ್ಜೆ ಎಂಬ ಜಗಳ. ಒಡೆಯರೇ ಒಡೆಯರ ವಿರುದ್ಧ ಮುಷ್ಕರ ಹೂಡುವುದು ಹೇಗೆ ಎಂದು ಆಡಳಿತದವರು ಸಿಟ್ಟಾಗಿ 17 ಮಂದಿ ಮುಂದಾಳುಗಳನ್ನು ಹೊರಹಾಕಿದರು, ಕೆಲವು ವರ್ಷದ ಮೇಲೆ ವಾಪಸು ಕರೆದುಕೊಂಡರು. ಸಂಘ ತೀರಾ ದೊಡ್ಡದಾದರೆ ಒಡೆತನದ ಅನಿಸಿಕೆ ಆವಿಯಾಗುತ್ತದೆ ಎಂಬುದು ಅವರಿಗೆ ಆಗ ತಿಳಿಯಿತು. ದೊನ್ ಹೊಸೆ ಮರಿಯಾ 1976ರ ನವೆಂಬರಿನಲ್ಲಿ ತೀರಿಕೊಂಡರು. ಇಷ್ಟೆಲ್ಲ ಕಟ್ಟಿಸಿದವರು ಯಾವ ಸಂಘದಲ್ಲೂ ಹುದ್ದೆ ಹಿಡಿದವರಲ್ಲ, ಕೊನೆಯ ತನಕ ಪಾದ್ರಿಯಾಗಿಯೇ ಇದ್ದರು.

ದೊಡ್ಡ ಪರೀಕ್ಷೆ ಬಂದದ್ದು 2013ರಲ್ಲಿ. ಉಲ್ಗೋರ್ ಅಷ್ಟು ಹೊತ್ತಿಗೆ ಫಾಗೋರ್ ಎಂಬ ಹೆಸರಿನಲ್ಲಿ ಯುರೋಪಿನ ದೊಡ್ಡ ಗೃಹೋಪಕರಣ ಕಂಪನಿಗಳಲ್ಲೊಂದಾಗಿತ್ತು. 2005ರಲ್ಲಿ ಸಾಲ ಮಾಡಿ ಫ್ರಾನ್ಸಿನ ಬ್ರಾಂಟ್ ಕಂಪನಿಯನ್ನು ಕೊಂಡಿತ್ತು. 2008ರ ಮೇಲೆ ಸ್ಪೇನಿನಲ್ಲಿ ಮನೆ ಕಟ್ಟುವುದೇ ನಿಂತಾಗ ಫ್ರಿಜ್, ಒಲೆ, ಬಟ್ಟೆ ತೊಳೆಯುವ ಯಂತ್ರ ಕೊಳ್ಳುವವರು ಯಾರು? ಉಳಿದ ಸಂಘಗಳು ಸಾಕಷ್ಟು ಹಣ ಸುರಿದು, ಇನ್ನು ಸಾಧ್ಯವಿಲ್ಲ ಎಂದು ಕೈಯೆತ್ತಿದವು. ಐದೂವರೆ ಸಾವಿರಕ್ಕೂ ಹೆಚ್ಚು ಜನ ದುಡಿಯುತ್ತಿದ್ದ ಫಾಗೋರ್ ದಿವಾಳಿಯಾಯಿತು. ಬಾಸ್ಕ್ ಸೀಮೆಯ ಸದಸ್ಯರಲ್ಲಿ ಹೆಚ್ಚಿನವರಿಗೆ ಬೇರೆ ಸಂಘಗಳಲ್ಲಿ ಕೆಲಸ ಸಿಕ್ಕಿತು, ಇಲ್ಲವೇ ಲಾಗುನ್ ಆರೊ ಮೂಲಕ ಅವಧಿಗೆ ಮೊದಲೇ ಪಿಂಚಣಿ ದೊರೆಯಿತು. ಒಂದು ಊರಿನ ಅತಿ ದೊಡ್ಡ ಕಾರ್ಖಾನೆ ಮುಚ್ಚಿಯೂ ಊರು ಖಾಲಿಯಾಗಲಿಲ್ಲ. ಆದರೆ ಫ್ರಾನ್ಸಿನ, ಪೋಲೆಂಡಿನ ನೌಕರರು ಸದಸ್ಯರೇ ಅಲ್ಲ, ಅವರಿಗೆ ಈ ಆಸರೆ ಸಿಗಲಿಲ್ಲ. ಫಾಗೋರಿಗೆ ಹಣ ಕೊಟ್ಟಿದ್ದ ಸಣ್ಣ ಉಳಿತಾಯದಾರರೂ ಕೈ ಸುಟ್ಟುಕೊಂಡರು. ಮೊಂಡ್ರಾಗನ್ನನ್ನು ಹೊಗಳುವ ಭರದಲ್ಲಿ ಈ ಎರಡು ಮಾತನ್ನು ಬಿಡುವವರೇ ಹೆಚ್ಚು. 2022ರಲ್ಲಿ ಉಲ್ಮಾ, ಒರೋನಾ ಎಂಬ ಎರಡು ಗಟ್ಟಿ ಸಂಘಗಳೂ ಕೂಟ ಬಿಟ್ಟು ಹೊರನಡೆದವು.

ಸಹಕಾರ ನಮಗೆ ಹೊರಗಿನ ಮಾತೇನಲ್ಲ. ನಮ್ಮಲ್ಲಿ ಸಹಕಾರ ಕಾಯ್ದೆ ಬಂದ ಮರುವರ್ಷವೇ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘ ಕಟ್ಟಿದರು. 1973ರಲ್ಲಿ ಅಡಿಕೆ ಬೆಳೆಗಾರರು ಕಟ್ಟಿಕೊಂಡ ಕ್ಯಾಂಪ್ಕೊ, ಅವರ ತೋಟದ ಕೋಕೋ ಕೊಳ್ಳುವವರು ಕೈಬಿಟ್ಟ ಮೇಲೆ 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆ ತೆರೆಯಿತು. ಅದು ಮೊಂಡ್ರಾಗನ್ನಿನವರೂ ಮೆಚ್ಚುವ ಕೆಲಸ. ಅಂಥದು ಒಂದೆರಡಕ್ಕೇ ನಿಂತದ್ದೇಕೆ ಎಂದು ಕೇಳಿದರೆ ನನ್ನ ಉತ್ತರ ಇಷ್ಟು: ಉಳಿತಾಯ ಕೂಡಿಸುವ ಸಂಘಗಳು ನಮ್ಮಲ್ಲಿ ಬೇಕಾದಷ್ಟಿವೆ, ಮಾಲು ಮಾರುವ ಸಂಘಗಳೂ ಇವೆ, ಎರಡನ್ನೂ ಬೆಸೆದು ತಾಲ್ಲೂಕಿನಲ್ಲಿ ಹೊಸ ಕಸುಬು ಹುಟ್ಟಿಸುವ ಹೊಣೆ ಯಾರ ಹೆಗಲ ಮೇಲೂ ಇಲ್ಲ. ಪತ್ತಿನ ಸಂಘದ ಹಣ ಚಿನ್ನದ ಅಡವು ಸಾಲ, ವಾಹನ ಸಾಲಗಳ ಸುತ್ತಲೇ ತಿರುಗುತ್ತದೆ. ಅದು ತಪ್ಪಲ್ಲ, ಸಾಲದು ಅಷ್ಟೆ.

ಈ ಸಲ ನಿಮ್ಮ ಸಂಘದ ವಾರ್ಷಿಕ ಮಹಾಸಭೆಗೆ ಹೋದಾಗ ಸಿಹಿ ಪೊಟ್ಟಣ ಹಿಡಿದು ಎದ್ದು ಬರುವ ಮೊದಲು ವರದಿ ಪುಸ್ತಕ ತೆರೆಯಿರಿ. ನಮ್ಮೆಲ್ಲರ ಠೇವಣಿಯಲ್ಲಿ ಈ ತಾಲ್ಲೂಕಿನ ದುಡಿಮೆಗೆ, ಉದ್ಯಮಕ್ಕೆ ಹೋದದ್ದು ಎಷ್ಟು, ಮಿಕ್ಕದ್ದು ಎಲ್ಲಿಗೆ ಹೋಯಿತು ಎಂದು ಅಧ್ಯಕ್ಷರನ್ನು ಎದ್ದು ನಿಂತು ಕೇಳಿ. ಉತ್ತರವನ್ನು ನಡವಳಿಯಲ್ಲಿ ಬರೆಸಿ.